ಪಾರ್ಕಿನ್ಸನ್ ಕಾಯಿಲೆಯ ವಂಶವಾಹಿ ಸಂಶೋಧನೆ: ಕರ್ನಾಟಕದ ಕೆಲಸ ಮತ್ತು ಸಕಲೇಶಪುರ–ಆಲೂರು ಮಲೆನಾಡು

ಮಿದುಳಿನ ಬುಡದಲ್ಲಿರುವ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪುಛಾಯೆಯ ಪುಟ್ಟ ಪಟ್ಟಿಯಲ್ಲಿ ಡೋಪಮೀನ್ ತಯಾರಿಸುವ ನರಕೋಶಗಳು ವರ್ಷಗಟ್ಟಲೆ ಸಾಯುತ್ತ ಬಂದಾಗ ಕಾಣಿಸಿಕೊಳ್ಳುವ ಕಾಯಿಲೆ ಪಾರ್ಕಿನ್ಸನ್. ಸುಮ್ಮನೆ ಕೂತಾಗ ಕೈ ನಡುಗುವುದು, ಮೈ ಬಿಗಿಯುವುದು, ಪ್ರತಿ ಚಲನೆಯೂ ನಿಧಾನವಾಗುವುದು, ನಡೆಯುವಾಗ ತೂಕ ತಪ್ಪುವುದು ಇದರ ಮುಖ್ಯ ಲಕ್ಷಣಗಳು. ಆಯುರ್ವೇದ ಇಂಥ ನಡುಕವನ್ನು ಕಂಪವಾತ ಎಂದು ಗುರುತಿಸಿದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಜನರನ್ನು ಗಮನಿಸಿ ಬರೆದ ಪುಟ್ಟ ಪ್ರಬಂಧದಿಂದ ಆಧುನಿಕ ವೈದ್ಯಕ್ಕೆ ಇದರ ಪರಿಚಯವಾಯಿತು. 2016ರ ಅಂದಾಜಿನಂತೆ ಜಗತ್ತಿನಲ್ಲಿ 61 ಲಕ್ಷ ಜನರಿಗೆ ಈ ಕಾಯಿಲೆ ಇತ್ತು. ಅವರಲ್ಲಿ ಸುಮಾರು 5.8 ಲಕ್ಷ ಜನ ಭಾರತದವರು.

ಕಾಯಿಲೆ ನಡುಕದಿಂದ ಶುರುವಾಗುವುದಿಲ್ಲ. ಅದಕ್ಕೆ ಎಷ್ಟೋ ವರ್ಷ ಮೊದಲೇ ವಾಸನೆ ತಿಳಿಯುವುದು ಕಡಿಮೆಯಾಗುತ್ತದೆ, ಮಲಬದ್ಧತೆ ಕಾಡುತ್ತದೆ, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೂಗುವುದು, ಕೈಕಾಲು ಬೀಸುವುದು ಕಾಣುತ್ತದೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರಿನ ತೋಟದ ಊರುಗಳಲ್ಲಿ ಇವನ್ನು ಗಮನಿಸಲು ಸಹಜವಾದ ಸಂದರ್ಭಗಳಿವೆ. ಅಡುಗೆಮನೆಯಲ್ಲಿ ಕಾಫಿ ಬೀಜ ಹುರಿಯುವಾಗ ಮನೆಮಂದಿಗೆಲ್ಲ ಬರುವ ಘಮ ಹಿರಿಯರೊಬ್ಬರಿಗೆ ಮಾತ್ರ ಬಾರದಿದ್ದರೆ, ಕೂಲಿ ಹಾಜರಿಯ ಚೆಕ್‌ರೋಲು ಬರೆಯುವ ರೈಟರ ಅಕ್ಷರ ಸಾಲು ಮುಗಿಯುವಷ್ಟರಲ್ಲಿ ಸಾಸಿವೆಯಷ್ಟಾಗುತ್ತಿದ್ದರೆ, ಹಣ್ಣು ಕುಯ್ಯುವಾಗ ಒಂದು ಕೈ ಇನ್ನೊಂದರ ವೇಗಕ್ಕೆ ಬಾರದಿದ್ದರೆ ವೈದ್ಯರಿಗೆ ಹೇಳಬೇಕಾದ ಸಂಗತಿಗಳು ಅವು. ಬಹುತೇಕ ಮನೆಗಳಲ್ಲಿ ಇವು ‘ವಯಸ್ಸಾಯ್ತು’, ‘ನರ ವೀಕ್ ಆಗಿದೆ’ ಎಂಬ ಮಾತಿನಲ್ಲಿ ಮುಗಿದುಹೋಗುತ್ತವೆ. ಮನೆತನದಲ್ಲಿ ಈ ಕಾಯಿಲೆ ಹಿಂದೆ ಯಾರಿಗಿತ್ತು ಎಂದು ಕೇಳಿದಾಗ ಉತ್ತರ ಸಿಗದಿರಲು ಇದೂ ಕಾರಣ. ಅಜ್ಜನಿಗೆ ಕಾಯಿಲೆ ಇತ್ತು ಎಂದು ಯಾರೂ ದಾಖಲಿಸಿಲ್ಲ, ಅಜ್ಜ ಕೊನೆಗಾಲದಲ್ಲಿ ಬಗ್ಗಿ ನಡೆಯುತ್ತಿದ್ದ ಎಂಬ ನೆನಪು ಮಾತ್ರ ಉಳಿದಿದೆ.

ವಂಶವಾಹಿಯ ಹುಡುಕಾಟ

ಕಾಯಿಲೆ ಕೆಲವು ಮನೆತನಗಳಲ್ಲಿ ಮರುಕಳಿಸುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಗೇ ವಿಲಿಯಂ ಗೋವರ್ಸ್ ಅವರಂಥ ವೈದ್ಯರ ಗಮನಕ್ಕೆ ಬಂದಿತ್ತು. ಆದರೂ ಇಪ್ಪತ್ತನೆಯ ಶತಮಾನದ ಬಹುಪಾಲು ಇದನ್ನು ಅನುವಂಶೀಯವಲ್ಲದ ಕಾಯಿಲೆ ಎಂದೇ ಕಲಿಸಲಾಯಿತು. ಎರಡನೆಯ ಮಹಾಯುದ್ಧದ ಅಮೆರಿಕನ್ ಸೈನಿಕರ ಪೈಕಿ 19,842 ಅವಳಿ ಪುರುಷರನ್ನು ಪರಿಶೀಲಿಸಿ ಕ್ಯಾರೊಲಿನ್ ಟ್ಯಾನರ್ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನ ಈ ಎರಡೂ ನೋಟಗಳಿಗೆ ಎಡೆ ಮಾಡಿಕೊಟ್ಟಿತು. ಐವತ್ತರ ನಂತರ ಶುರುವಾದ ಕಾಯಿಲೆಯಲ್ಲಿ ಒಂದೇ ಅಂಡದ ಅವಳಿಗಳಿಗೂ ಬೇರೆ ಬೇರೆ ಅಂಡದ ಅವಳಿಗಳಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಐವತ್ತರೊಳಗೆ ಶುರುವಾದಲ್ಲಿ ವಂಶವಾಹಿಯ ಪಾತ್ರ ಸ್ಪಷ್ಟವಾಗಿತ್ತು.

ಅಷ್ಟರಲ್ಲಿ ಮೊದಲ ವಂಶವಾಹಿ ಸಿಕ್ಕಾಗಿತ್ತು. ಇಟಲಿಯ ದಕ್ಷಿಣದ ಸಲೆರ್ನೋ ಪ್ರಾಂತದ ಬೆಟ್ಟದೂರು ಕೊಂತೂರ್ಸಿ. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದ ಕುಟುಂಬವೊಂದರಲ್ಲಿ ತಲೆಮಾರು ತಪ್ಪದೆ ಪಾರ್ಕಿನ್ಸನ್ ಬರುತ್ತಿರುವುದನ್ನು ನ್ಯೂಜೆರ್ಸಿಯ ಲಾರೆನ್ಸ್ ಗೋಲ್ಬೆ ಮತ್ತವರ ಸಹೋದ್ಯೋಗಿಗಳು ಗುರುತಿಸಿದರು. ವಂಶಾವಳಿಯನ್ನು ಊರಿನ ದಾಖಲೆಗಳವರೆಗೂ ಬೆನ್ನಟ್ಟಿ ಕಡಲಿನ ಎರಡೂ ದಡದ ನೆಂಟರನ್ನು ಒಂದೇ ಪಟದಲ್ಲಿ ಕೂಡಿಸಿದರು. ಆ ಕುಟುಂಬದ ರಕ್ತದಿಂದಲೇ ಮಿಹಾಯೆಲ್ ಪೊಲಿಮೆರೋಪೌಲೋಸ್ ತಂಡ 1997ರಲ್ಲಿ ಆಲ್ಫಾ-ಸೈನ್ಯೂಕ್ಲಿಯಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ, ಅಂದರೆ ಎಸ್‌ಎನ್‌ಸಿಎ ಜೀನಿನಲ್ಲಿ, ಒಂದೇ ಅಕ್ಷರದ ಬದಲಾವಣೆಯನ್ನು ಕಂಡುಹಿಡಿಯಿತು. ಇಂಥ ಕುಟುಂಬಗಳು ಬಹಳ ವಿರಳ. ಆದರೆ ಅದೇ ವರ್ಷ ಮಾರಿಯಾ ಸ್ಪಿಲ್ಲಾಂತಿನಿ ಮತ್ತು ಮೈಕೆಲ್ ಗೊಡರ್ಟ್ ಅವರ ಗುಂಪು, ಎಲ್ಲ ಸಾಮಾನ್ಯ ಪಾರ್ಕಿನ್ಸನ್ ರೋಗಿಗಳ ನರಕೋಶಗಳಲ್ಲೂ ಕಾಣುವ ಲೂಯಿ ಕಣಗಳು ಇದೇ ಪ್ರೋಟೀನಿನ ಗಂಟುಗಳೆಂದು ತೋರಿಸಿತು. ಒಂದು ಬೆಟ್ಟದೂರಿನ ಮನೆತನದ ಅಪರೂಪದ ದೋಷ ಎಲ್ಲರ ಕಾಯಿಲೆಯ ಒಳಗುಟ್ಟನ್ನು ಹೇಳಿತು. ಈ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದ ವರ್ಷ ಇನ್ನೊಂದಿಲ್ಲ.

2003ರಲ್ಲಿ ಅಮೆರಿಕದ ಅಯೋವಾದ ಕುಟುಂಬವೊಂದರಲ್ಲಿ ಇದೇ ಜೀನು ಒಂದು ಬದಿಯ ವರ್ಣತಂತುವಿನಲ್ಲಿ ಮೂರು ಬಾರಿ ನಕಲಾಗಿರುವುದು ಗೊತ್ತಾಯಿತು. ಅಲ್ಲಿ ಪ್ರೋಟೀನು ಸರಿಯಾದದ್ದೇ, ಪ್ರಮಾಣ ಮಾತ್ರ ಹೆಚ್ಚು. ಉಪ್ಪು ಒಳ್ಳೆಯದೇ ಇದ್ದರೂ ಅಳತೆ ಮೀರಿದರೆ ಅಡುಗೆ ಕೆಟ್ಟಂತೆ ನರಕೋಶ ಕೆಡುತ್ತದೆ.

ಜಪಾನಿನಲ್ಲಿ ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಬಂದ ಕುಟುಂಬಗಳಿಂದ 1998ರಲ್ಲಿ ಪಾರ್ಕಿನ್ ಜೀನು ದೊರೆಯಿತು. ಅಂಥ ಹಲವು ಕುಟುಂಬಗಳಲ್ಲಿ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. 2003ರಲ್ಲಿ ಡಿಜೆ-1, 2004ರಲ್ಲಿ ಪಿಂಕ್-1 ಬಂದವು. ಪಾರ್ಕಿನ್ ಮತ್ತು ಪಿಂಕ್-1 ಎರಡೂ ಕೂಡಿ ಜೀವಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳಲ್ಲಿ ಹಾಳಾದವನ್ನು ಗುರುತು ಹಾಕಿ ತೆಗೆಸುತ್ತವೆ. ಆ ಕೆಲಸ ನಿಂತಾಗ ಸದಾ ದುಡಿಯುವ ಡೋಪಮೀನ್ ನರಕೋಶಗಳೇ ಮೊದಲು ಸೋಲುತ್ತವೆ. 2004ರಲ್ಲೇ ಎಲ್‌ಆರ್‌ಆರ್‌ಕೆ2 ಜೀನನ್ನು ಎರಡು ತಂಡಗಳು ಪ್ರಕಟಿಸಿದವು. ಇದರ ಜಿ2019ಎಸ್ ಎಂಬ ರೂಪಾಂತರ ಉತ್ತರ ಆಫ್ರಿಕದ ಅರಬ್ಬರ ಪಾರ್ಕಿನ್ಸನ್ ರೋಗಿಗಳಲ್ಲಿ ಮೂರರಲ್ಲೊಬ್ಬರಿಗೆ ಕಾಣುವಷ್ಟು ಸಾಮಾನ್ಯ, ಅಶ್ಕೆನಾಜಿ ಯೆಹೂದಿಗಳಲ್ಲೂ ಹೆಚ್ಚು. ಗೋಶೆ ಎಂಬ ಚಯಾಪಚಯ ಕಾಯಿಲೆಗೆ ಕಾರಣವಾದ ಜಿಬಿಎ1 ಜೀನಿನ ಒಂದು ಪ್ರತಿ ಕೆಟ್ಟಿದ್ದರೂ ಪಾರ್ಕಿನ್ಸನ್ ಸಂಭವ ಐದು ಪಟ್ಟಿನಷ್ಟು ಏರುತ್ತದೆ ಎಂಬುದನ್ನು 2009ರಲ್ಲಿ ಎಲೆನ್ ಸಿಡ್ರಾನ್‌ಸ್ಕಿ ನೇತೃತ್ವದ ಬಹುರಾಷ್ಟ್ರೀಯ ಅಧ್ಯಯನ ದೃಢಪಡಿಸಿತು.

ಒಂದೇ ಜೀನಿನಿಂದ ಬರುವ ಪಾರ್ಕಿನ್ಸನ್ ಒಟ್ಟು ರೋಗಿಗಳ ಶೇ. 5ರಿಂದ 10ರಷ್ಟು ಮಾತ್ರ. ಉಳಿದವರಲ್ಲಿ ಹತ್ತಾರು ರೂಪಾಂತರಗಳು ತಲಾ ಚೂರುಚೂರು ಅಪಾಯ ಕೂಡಿಸುತ್ತವೆ. 2019ರಲ್ಲಿ ಮೈಕ್ ನಾಲ್ಸ್ ಮತ್ತು ಜೊತೆಗಾರರು ಇಂಥ 90 ಗುರುತುಗಳನ್ನು ಪಟ್ಟಿ ಮಾಡಿದರು. 37,688 ರೋಗಿಗಳು, 14 ಲಕ್ಷ ಆರೋಗ್ಯವಂತರು ಸೇರಿದ ಆ ದೊಡ್ಡ ಲೆಕ್ಕಾಚಾರ ಯುರೋಪ್ ಮೂಲದವರನ್ನಷ್ಟೇ ಆಧರಿಸಿತ್ತು. ಜಗತ್ತಿನ ಪಾರ್ಕಿನ್ಸನ್ ರೋಗಿಗಳಲ್ಲಿ ಹತ್ತಕ್ಕೊಬ್ಬರಿರುವ ದೇಶ ಆ ನಕ್ಷೆಯಲ್ಲಿ ಇರಲಿಲ್ಲ. ಈ ಕೊರತೆ ಬರಿಯ ಲೆಕ್ಕದ್ದಲ್ಲ. 2023ರಲ್ಲಿ ಆಫ್ರಿಕ ಮೂಲದವರನ್ನು ಮೊದಲ ಬಾರಿ ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸಿದ ಕೂಡಲೇ ಯುರೋಪಿನವರಲ್ಲಿ ಕಾಣದ ಜಿಬಿಎ1 ರೂಪಾಂತರವೊಂದು ಸಿಕ್ಕಿತು.

ಸಂಬಂಧದೊಳಗಿನ ಮದುವೆ ಮತ್ತು ಅಪ್ರಬಲ ಜೀನುಗಳು

ಸಕಲೇಶಪುರ–ಆಲೂರು ಸೀಮೆಯಂಥ ಪ್ರದೇಶದ ವಂಶವಾಹಿ ಚಿತ್ರ ಅರ್ಥವಾಗಬೇಕಾದರೆ ಮದುವೆಯ ರೂಢಿಯಿಂದ ಹೊರಡಬೇಕು. ದಕ್ಷಿಣ ಕರ್ನಾಟಕದಲ್ಲಿ ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳ ನಡುವೆ ಸಂಬಂಧ ಬೆಳೆಸುವುದು ಹಳೆಯ ಪದ್ಧತಿ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎಚ್.ಎಸ್. ಸಾವಿತ್ರಿ ಮತ್ತು ಅವರ ಸಹಯೋಗಿ ಅಲನ್ ಬಿಟಲ್ಸ್ 1980ರ ದಶಕದಲ್ಲಿ ಬೆಂಗಳೂರು–ಮೈಸೂರು ಭಾಗದ ಹೆರಿಗೆ ಆಸ್ಪತ್ರೆಗಳ ಮೂಲಕ ನಡೆಸಿದ ಅಧ್ಯಯನಗಳಲ್ಲಿ ಮೂರರಲ್ಲಿ ಒಂದರಷ್ಟು ಮದುವೆಗಳು ರಕ್ತಸಂಬಂಧದೊಳಗೇ ಆಗಿದ್ದವು.

ಅಪ್ರಬಲ ಜೀನಿನ ಕಾಯಿಲೆ ಬರಬೇಕಾದರೆ ತಂದೆಯಿಂದೊಂದು, ತಾಯಿಯಿಂದೊಂದು ಕೆಟ್ಟ ಪ್ರತಿ ಬರಬೇಕು. ಒಂದೇ ಪ್ರತಿ ಇದ್ದವರು ಸಾಮಾನ್ಯವಾಗಿ ಜೀವಮಾನವಿಡೀ ಆರೋಗ್ಯವಾಗಿಯೇ ಇರುತ್ತಾರೆ. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಪೂರ್ವಜನಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಸೋದರತ್ತೆ–ಸೋದರಮಾವನ ಮಕ್ಕಳ ಸಂಬಂಧದಲ್ಲಿ ಅದು ಹದಿನಾರರಲ್ಲಿ ಒಂದು. ಪಾರ್ಕಿನ್, ಪಿಂಕ್-1, ಡಿಜೆ-1, ಪಿಎಲ್‌ಎ2ಜಿ6 ಎಲ್ಲವೂ ಇಂಥ ಅಪ್ರಬಲ ಜೀನುಗಳು. ಇವುಗಳಿಂದ ಬರುವ ಪಾರ್ಕಿನ್ಸನ್ ನಲವತ್ತರೊಳಗೆ, ಕೆಲವೊಮ್ಮೆ ಇಪ್ಪತ್ತರೊಳಗೇ ಶುರುವಾಗುತ್ತದೆ.

ರಕ್ತಸಂಬಂಧದ ಮದುವೆ ಇಲ್ಲದ ಮನೆಗಳಿಗೂ ಇನ್ನೊಂದು ಮಾತು ಅನ್ವಯಿಸುತ್ತದೆ. ಒಂದೇ ಜಾತಿಯೊಳಗೆ, ಒಂದೇ ಒಳಪಂಗಡದೊಳಗೆ ನೂರಾರು ವರ್ಷ ಹೆಣ್ಣು ತಂದು ಹೆಣ್ಣು ಕೊಟ್ಟಾಗ ದೂರದವರೆಂದುಕೊಂಡವರೂ ವಂಶವಾಹಿಯಲ್ಲಿ ಹತ್ತಿರದವರಾಗಿರುತ್ತಾರೆ. ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವುಗಳಲ್ಲಿ 81 ಸಮುದಾಯಗಳ ಮೂಲಪುರುಷ ಪರಿಣಾಮ (ಕೆಲವೇ ಪೂರ್ವಜರ ವಂಶವಾಹಿ ಇಡೀ ಸಮುದಾಯಕ್ಕೆ ಹರಡುವುದು) ಫಿನ್ನರು ಮತ್ತು ಅಶ್ಕೆನಾಜಿ ಯೆಹೂದಿಗಳಿಗಿಂತಲೂ ತೀವ್ರವಾಗಿದೆ ಎಂದು ಕಂಡಿತು. ಮಲೆನಾಡಿನ ಅಂಚಿನಲ್ಲಿ ಇದರ ಜೊತೆಗೇ ತದ್ವಿರುದ್ಧ ಚಿತ್ರವೂ ಇದೆ. ಕಾಫಿ ತೋಟಗಳ ಲೈನ್‌ಮನೆಗಳಿಗೆ ತಮಿಳುನಾಡು, ಕೇರಳ, ತುಳುನಾಡಿನಿಂದ ತಲೆಮಾರುಗಳ ಹಿಂದೆ ಬಂದವರಿದ್ದಾರೆ, ಈಚೆಗೆ ಅಸ್ಸಾಂ ಕಡೆಯಿಂದ ಬಂದವರಿದ್ದಾರೆ. ಒಂದೇ ತೋಟದ ಗೇಟಿನೊಳಗೆ ಹಲವು ಸಮುದಾಯಗಳ ವಂಶವಾಹಿ ಚರಿತ್ರೆ ಸಿಗುತ್ತದೆ. ಯಾವ ಊರಿನ ಸಂಶೋಧಕರಿಗೂ ಇದು ಬೆಲೆಬಾಳುವ ಸಂಗತಿ.

ಇಲ್ಲಿನ ರೈತರಿಗೆ ವಂಶವೃಕ್ಷ ಹೊಸದೂ ಅಲ್ಲ. ಪೌತಿ ಖಾತೆ ಮಾಡಿಸಲು ಗ್ರಾಮ ಆಡಳಿತಾಧಿಕಾರಿಗಳ ಮುಂದೆ ಎಲ್ಲರೂ ಅದನ್ನು ಬರೆಸಿರುತ್ತಾರೆ. ನರವೈದ್ಯರು ಕೇಳುವುದೂ ಹೆಚ್ಚುಕಡಿಮೆ ಅದನ್ನೇ, ಹೆಣ್ಣುಮಕ್ಕಳ ಕವಲನ್ನೂ ಬಿಡದೆ, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂಬ ಟಿಪ್ಪಣಿಯೊಡನೆ.

ಹಂದಿಗೋಡು ಕಲಿಸಿದ್ದು

ವಂಶವಾಹಿಯೋ ಪರಿಸರವೋ ಎಂಬ ಪ್ರಶ್ನೆಯನ್ನು ಮಲೆನಾಡು ಒಮ್ಮೆ ಬಹಳ ನೋವಿನಿಂದ ಎದುರಿಸಿದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974–75ರ ಹೊತ್ತಿಗೆ ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು ಜನ ನಡೆಯಲಾರದೆ ಹೋಗುತ್ತಿದ್ದ ಕಾಯಿಲೆ ಬೆಳಕಿಗೆ ಬಂತು. ಇದು ಮೂಳೆಯ ಕಾಯಿಲೆ, ಮಿದುಳಿನದ್ದಲ್ಲ. ಆದರೂ ಅದರ ಸಂಶೋಧನೆಯ ದಾರಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಆಗಷ್ಟೇ ಭತ್ತದ ಗದ್ದೆಗಳಿಗೆ ಕೀಟನಾಶಕ ಬಂದಿತ್ತು. ಬಡ ಕೃಷಿಕಾರ್ಮಿಕರು ಗದ್ದೆಯ ಏಡಿ ತಿನ್ನುತ್ತಿದ್ದರು. ವಿಷ ಸೇರಿದ ಏಡಿಯೇ ಕಾರಣವಿರಬಹುದೆಂಬ ಶಂಕೆ ಮೊದಲ ವರ್ಷಗಳಲ್ಲಿ ಬಲವಾಗಿತ್ತು. 1977ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ವರ್ಣಿಸಿದರು. ಮುಂದೆ 1990ರ ದಶಕದಲ್ಲಿ ಎಸ್.ಎಸ್. ಅಗರ್‌ವಾಲ್ ಅವರ ತಂಡ ವಂಶಾವಳಿಗಳನ್ನು ಬಿಡಿಸಿ, ಇದು ಒಂದೇ ಪ್ರತಿ ಕೆಟ್ಟರೂ ಕಾಯಿಲೆ ತರುವ ಪ್ರಬಲ ಜೀನಿನಿಂದ ಬರುವ ಮೂಳೆ ಬೆಳವಣಿಗೆಯ ದೋಷವೆಂದು ತೋರಿಸಿತು.

ಹಂದಿಗೋಡಿನಿಂದ ಎರಡು ವಿಷಯ ತಿಳಿಯುತ್ತವೆ. ವಂಶಾವಳಿಯನ್ನು ಪೂರ್ತಿ ಬರೆಯದೆ ಪರಿಸರವನ್ನು ದೂರಿದರೆ ಕಾರಣ ಕೈತಪ್ಪುತ್ತದೆ. ಇನ್ನೊಂದು, ಕಾಯಿಲೆಗೆ ಊರಿನ ಹೆಸರಿಟ್ಟಾಗ ಆ ಊರಿನ ಮಕ್ಕಳ ಮದುವೆ ಸಂಬಂಧಗಳವರೆಗೂ ಆ ಹೆಸರು ಹಿಂಬಾಲಿಸುತ್ತದೆ. ಇಂದು ವಂಶವಾಹಿ ಸಂಶೋಧನೆಯಲ್ಲಿ ಕುಟುಂಬದ ಗುರುತು, ಊರಿನ ಗುರುತು ಮರೆಮಾಡುವುದು ನಿಯಮವಾಗಿರುವುದು ಇಂಥ ಅನುಭವಗಳಿಂದಲೇ, ಮತ್ತು ಆ ನಿಯಮ ಎಲ್ಲಿಯೂ ಸಡಿಲವಾಗಬಾರದು.

ಬೆಂಗಳೂರಿನ ಕೆಲಸ

ಹಾಸನದ ಬೆಟ್ಟಗಳಿಂದ ನರರೋಗದ ರೋಗಿ ಹೊರಡುವ ದಾರಿ ಸಾಮಾನ್ಯವಾಗಿ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಅಥವಾ ಆಲೂರಿನ ತಾಲ್ಲೂಕು ಆಸ್ಪತ್ರೆಯಿಂದ ಹಾಸನದ ವೈದ್ಯಕೀಯ ಕಾಲೇಜಿಗೆ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ. ಭಾರತದ ಪಾರ್ಕಿನ್ಸನ್ ಸಂಶೋಧನೆಯ ಕೆಲವು ಮೂಲಭೂತ ಪ್ರಶ್ನೆಗಳು ಎದ್ದದ್ದು ನಿಮ್ಹಾನ್ಸ್‌ನಲ್ಲೇ.

ಮೊದಲನೆಯದು, ಕಾಯಿಲೆ ಇಲ್ಲಿ ಎಷ್ಟಿದೆ ಎಂಬುದು. ಎಂ. ಗೌರಿದೇವಿ ನೇತೃತ್ವದಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 1,02,557 ಜನರನ್ನು ಮನೆಮನೆಗೆ ಹೋಗಿ ಪರಿಶೀಲಿಸಿದ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಲಕ್ಷಕ್ಕೆ 33 ಜನರಲ್ಲಿ ಪಾರ್ಕಿನ್ಸನ್ ಕಂಡಿತು. ಮುಂಬಯಿಯ ಪಾರ್ಸಿ ಕಾಲೊನಿಗಳಲ್ಲಿ 1988ರಲ್ಲಿ ವರದಿಯಾದ ಪ್ರಮಾಣ ಲಕ್ಷಕ್ಕೆ 328. ಪಾರ್ಸಿಗಳಲ್ಲಿ ವೃದ್ಧರ ಪಾಲು ಬಹಳ ಹೆಚ್ಚಿರುವುದು ಈ ಅಂತರದ ಒಂದು ಭಾಗವನ್ನು ವಿವರಿಸುತ್ತದೆ, ಪೂರ್ತಿಯನ್ನಲ್ಲ. ವಯಸ್ಸಿನ ಲೆಕ್ಕ ಸರಿಹೊಂದಿಸಿದರೂ ಕನ್ನಡ ಸೀಮೆಯ ಪ್ರಮಾಣ ಪಶ್ಚಿಮದ ದೇಶಗಳಿಗಿಂತ ಕಡಿಮೆಯೇ.

ಎರಡನೆಯದು, ಯಾಕೆ ಕಡಿಮೆ ಎಂಬುದು. ಉದಯ ಮುಠಾಣೆ, ಟಿ.ಸಿ. ಯಾಶಾ ಮತ್ತು ಎಸ್.ಕೆ. ಶಂಕರ್ 1998ರಲ್ಲಿ ಕೊಟ್ಟ ಉತ್ತರ ಯಾರೂ ನಿರೀಕ್ಷಿಸದಂಥದ್ದು. ಕಾಯಿಲೆ ಇಲ್ಲದೆ ತೀರಿಕೊಂಡ ಭಾರತೀಯರ ಮಿದುಳುಗಳಲ್ಲಿ ಅವರು ಕಪ್ಪುಬಣ್ಣದ ಡೋಪಮೀನ್ ನರಕೋಶಗಳನ್ನು ಎಣಿಸಿದರು. ಬ್ರಿಟನ್ನಿನವರ ಮಿದುಳಿಗೆ ಹೋಲಿಸಿದರೆ ಇಲ್ಲಿನವರಲ್ಲಿ ಅವು ಸುಮಾರು ಶೇ. 40ರಷ್ಟು ಕಡಿಮೆ ಇದ್ದವು. ಆದರೆ ವಯಸ್ಸಾದಂತೆ ಆ ಸಂಖ್ಯೆ ಇಳಿಯಲಿಲ್ಲ. ಪಶ್ಚಿಮದವರಲ್ಲಿ ಪ್ರತಿ ದಶಕಕ್ಕೂ ಕೋಶಗಳು ಕಳೆದುಹೋಗುತ್ತವೆ ಎಂಬುದು ಅಲ್ಲಿನ ಅಧ್ಯಯನಗಳ ಸಾರ. ಇಲ್ಲಿ ಇರುವುದೇ ಕಡಿಮೆ, ಇದ್ದದ್ದು ಮಾತ್ರ ಉಳಿಯುತ್ತದೆ. 2009ರಲ್ಲಿ ಫಲ್ಗುಣಿ ಆನಂದ ಅಲ್ಲಾಡಿ ಮತ್ತು ಸಂಗಡಿಗರು ಇದನ್ನು ಇನ್ನಷ್ಟು ಆಳವಾಗಿ ನೋಡಿ, ವಯಸ್ಸಾದ ಭಾರತೀಯರ ನೈಗ್ರಾ ಕೋಶಗಳು ಬದಲಾಗದೆ ಉಳಿಯುವುದನ್ನು ಮತ್ತೆ ಕಂಡರು. 1995ರಲ್ಲಿ ಶಂಕರ್ ಅವರು ನಿಮ್ಹಾನ್ಸ್‌ನಲ್ಲಿ ಕಟ್ಟಿದ ಮಾನವ ಮಿದುಳು ಬ್ಯಾಂಕ್ ಇಂಥ ಸಂಶೋಧನೆಗೆ ಆಧಾರ. ತೀರಿಕೊಂಡವರ ಮಿದುಳನ್ನು ಸಂಶೋಧನೆಗೆ ಬಿಟ್ಟುಕೊಟ್ಟ ಕುಟುಂಬಗಳ ಋಣ ಈ ವಿಜ್ಞಾನದ ಮೇಲೆ ದೊಡ್ಡದಿದೆ.

ಯುರೋಪ್ ಮತ್ತು ಭಾರತದ ರಕ್ತ ಕೂಡಿದವರಲ್ಲಿ ಏನಾಗುತ್ತದೆ? ಮುಠಾಣೆ ಅವರ ಗುಂಪು ಬೆಂಗಳೂರಿನ ಆಂಗ್ಲೋ-ಇಂಡಿಯನ್ ಸಮುದಾಯದಲ್ಲಿ ಈ ಪ್ರಶ್ನೆ ಕೇಳಿ 2003ರಲ್ಲಿ ಫಲಿತಾಂಶ ಪ್ರಕಟಿಸಿತು. ಕಾಯಿಲೆಯ ಸಂಭವ ಅವರಲ್ಲಿ ಇತರ ಭಾರತೀಯರಿಗಿಂತಲೂ ಕಡಿಮೆ ಇತ್ತು. ಜನಾಂಗದ ಮೂಲವನ್ನು ಒಂದೇ ದಿಕ್ಕಿನಲ್ಲಿ ಜೋಡಿಸಿ ತೀರ್ಪು ಕೊಡುವವರು ಈ ಅಧ್ಯಯನವನ್ನು ಮೊದಲು ಓದಬೇಕು.

ಜೀನುಗಳ ಮಟ್ಟದ ಕೆಲಸಕ್ಕೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ಪ್ರಯೋಗಾಲಯ ಬೇಗನೆ ಕೈಹಾಕಿತು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಆಶಾ ಕಿಶೋರ್ ಅವರೊಡನೆ ಸೇರಿ, ಚಿಕ್ಕ ವಯಸ್ಸಿಗೆ ಕಾಯಿಲೆ ಬಂದ ದಕ್ಷಿಣ ಭಾರತೀಯರಲ್ಲಿ ಪಾರ್ಕಿನ್ ಜೀನನ್ನು ಪರೀಕ್ಷಿಸಿದ ವರದಿ 2005ರಲ್ಲಿ ಬಂತು. ದಿಲ್ಲಿ ವಿಶ್ವವಿದ್ಯಾಲಯದ ಬಿ.ಕೆ. ತೆಲ್ಮಾ ಅವರ ಗುಂಪು, ಮುಠಾಣೆ ಮತ್ತು ದಿಲ್ಲಿಯ ನರತಜ್ಞರ ಸಹಯೋಗದಲ್ಲಿ, ಉತ್ತರ ಆಫ್ರಿಕದಲ್ಲಿ ಅಷ್ಟು ಸಾಮಾನ್ಯವಾದ ಎಲ್‌ಆರ್‌ಆರ್‌ಕೆ2 ರೂಪಾಂತರಗಳು ಭಾರತೀಯರಲ್ಲಿ ಅತಿ ವಿರಳ ಎಂದು 2006ರಲ್ಲಿ ತೋರಿಸಿತು. ಇದೇ ಗುಂಪು 2016ರಲ್ಲಿ ಭಾರತೀಯ ಕುಟುಂಬವೊಂದರ ಬಾಲ್ಯದ ಪಾರ್ಕಿನ್ಸನಿಗೆ ಪಿಒಡಿಎಕ್ಸ್ಎಲ್ ಎಂಬ ಹೊಸ ಜೀನನ್ನು ಸೂಚಿಸಿತು.

ಪಿಎಲ್‌ಎ2ಜಿ6 ನಮ್ಮ ಉಪಖಂಡಕ್ಕೆ ವಿಶೇಷವಾಗಿ ಸಂಬಂಧಿಸಿದ ಜೀನು. ಶಿಶುಗಳ ಮಾರಕ ನರಕ್ಷಯಕ್ಕೆ ಕಾರಣವೆಂದು ಮೊದಲೇ ಗೊತ್ತಿದ್ದ ಇದು ಯುವಜನರಲ್ಲಿ ಪಾರ್ಕಿನ್ಸನ್ ಲಕ್ಷಣ, ಕೈಕಾಲು ಸೊಟ್ಟಗಾಗುವ ಡಿಸ್ಟೋನಿಯ ಮತ್ತು ಮನೋವಿಕಾರಗಳನ್ನೂ ತರುತ್ತದೆ ಎಂಬುದು 2009ರಲ್ಲಿ ಖಚಿತವಾದದ್ದು ಭಾರತದ ಮತ್ತು ಪಾಕಿಸ್ತಾನದ ಒಂದೊಂದು ಕುಟುಂಬದಿಂದ. ನಿಮ್ಹಾನ್ಸ್‌ನ ಚಲನಾ ವಿಕಾರ ವಿಭಾಗದ ಪ್ರಮೋದ್ ಕುಮಾರ್ ಪಾಲ್ ಮತ್ತು ಸಹೋದ್ಯೋಗಿಗಳು ಆ ಬಳಿಕ ಇಂಥ ರೋಗಿಗಳನ್ನು ಹಲವು ವರದಿಗಳಲ್ಲಿ ವಿವರಿಸಿದ್ದಾರೆ. ಇಪ್ಪತ್ತರ ಹರೆಯದ ಹುಡುಗನೊಬ್ಬ ನಡಿಗೆ ತಪ್ಪಿ, ಮಾತು ಮಂದವಾಗಿ, ಮಂಕಾದರೆ ಅದನ್ನು ಮಾನಸಿಕ ಕಾಯಿಲೆ ಅಥವಾ ಮಾಟಮಂತ್ರವೆಂದು ಬಿಡುವ ಬದಲು ಈ ಜೀನನ್ನು ನೋಡಬೇಕು.

2024ರಲ್ಲಿ ಪ್ರಕಟವಾದ ಅಧ್ಯಯನ ಈ ಎಲ್ಲದಕ್ಕೂ ದೊಡ್ಡ ಚೌಕಟ್ಟು ಒದಗಿಸಿತು. ಬೆಂಗಳೂರಿನ ನರತಜ್ಞ ಎಲ್.ಕೆ. ಪ್ರಶಾಂತ್ ಮತ್ತು ಭಾರತದ ಪಾರ್ಕಿನ್ಸನ್ ಸಂಶೋಧನಾ ಒಕ್ಕೂಟದವರು ದೇಶದ ಹತ್ತು ಕೇಂದ್ರಗಳಿಂದ, ಬಹುಪಾಲು ಐವತ್ತರೊಳಗೆ ಕಾಯಿಲೆ ಶುರುವಾದ 674 ಜನರನ್ನು ಎರಡು ವರ್ಷಗಳಲ್ಲಿ ಸೇರಿಸಿಕೊಂಡು 1,376 ಇತರರ ವಂಶವಾಹಿಯೊಡನೆ ಹೋಲಿಸಿದರು. ಕೊಂತೂರ್ಸಿಯ ಆ ಎಸ್‌ಎನ್‌ಸಿಎ ಪ್ರದೇಶವೇ ಭಾರತೀಯರಲ್ಲೂ ಎದ್ದು ಕಂಡಿತು. ನರಕೋಶಗಳ ಸಂಧಿಯಲ್ಲಿರುವ ಬಸ್ಸೂನ್ ಎಂಬ ಪ್ರೋಟೀನಿನ ಜೀನಿನಲ್ಲಿ ಅಪರೂಪದ ದೋಷಗಳು ರೋಗಿಗಳಲ್ಲಿ ಹೆಚ್ಚಿದ್ದವು. ಆಶಾ ಕಿಶೋರ್, ರೂಪಾ ರಾಜನ್, ಪ್ರಮೋದ್ ಪಾಲ್, ಜರ್ಮನಿಯ ಮನು ಶರ್ಮಾ ಮುಂತಾದವರು ಕಟ್ಟಿದ ಇನ್ನೊಂದು ಕೂಟ ಹತ್ತು ಸಾವಿರ ರೋಗಿಗಳು ಮತ್ತು ಅಷ್ಟೇ ಆರೋಗ್ಯವಂತರ ಸಂಗ್ರಹದ ಗುರಿ ಇಟ್ಟುಕೊಂಡಿದೆ.

ಆರೋಗ್ಯವಂತ ಭಾರತೀಯನ ವಂಶವಾಹಿ ಹೇಗಿರುತ್ತದೆಂದು ತಿಳಿಯದೆ ರೋಗಿಯಲ್ಲಿ ಕಂಡದ್ದು ದೋಷವೋ ಸಹಜ ವೈವಿಧ್ಯವೋ ಹೇಳಲಾಗದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆ 2020ರಲ್ಲಿ ಶುರುವಾಯಿತು. ಇಪ್ಪತ್ತು ಸಂಸ್ಥೆಗಳು ಕೂಡಿ 83 ಸಮುದಾಯಗಳ ಸುಮಾರು 9,800 ಜನರ ಪೂರ್ಣ ವಂಶವಾಹಿ ಓದಿದವು. 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆಯಿತು. ವಿಜಯಲಕ್ಷ್ಮಿ ರವೀಂದ್ರನಾಥ್ ಕಟ್ಟಿದ ಇದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಬಯಲುಸೀಮೆಯ ಹಳ್ಳಿಗಳಲ್ಲಿ ಸಾಧ್ಯವಾದದ್ದನ್ನು ಮಲೆನಾಡಿಗೂ ತರುವುದು ಈಗ ಆಗಬೇಕಾದ ಕೆಲಸ.

ಹತ್ತಿರದ ಕಾಯಿಲೆಗಳು

ನಡುಕವೆಲ್ಲ ಪಾರ್ಕಿನ್ಸನ್ ಅಲ್ಲ. ಅದರಂತೆಯೇ ಕಾಣುವ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಮೊದಲು ನೆನೆಯಬೇಕಾದ್ದು ವಿಲ್ಸನ್ ಕಾಯಿಲೆ, ಯಾಕೆಂದರೆ ಅದಕ್ಕೆ ಮದ್ದಿದೆ. ಎಟಿಪಿ7ಬಿ ಜೀನಿನ ಎರಡೂ ಪ್ರತಿ ಕೆಟ್ಟಾಗ ಮೈಯಲ್ಲಿ ತಾಮ್ರ ಶೇಖರವಾಗಿ ಯಕೃತ್ತು, ಮಿದುಳು ಹಾಳಾಗುತ್ತವೆ. ಸಂಬಂಧದೊಳಗಿನ ಮದುವೆಯ ಮಕ್ಕಳಲ್ಲಿ ಇದೂ ಹೆಚ್ಚು. ನಿಮ್ಹಾನ್ಸ್‌ನ ಎ.ಬಿ. ತಾಲಿ ಮತ್ತು ಸಂಗಡಿಗರು 2007ರಲ್ಲಿ 282 ರೋಗಿಗಳ ವಿವರ ಪ್ರಕಟಿಸಿದರು. ಜಗತ್ತಿನ ದೊಡ್ಡ ಸರಣಿಗಳಲ್ಲಿ ಅದೊಂದು. ಪೆನಿಸಿಲ್ಲಮಿನ್, ಸತುವಿನ ಮಾತ್ರೆಗಳಿಂದ ತಾಮ್ರ ಇಳಿಸಿದರೆ ಹಾಸಿಗೆ ಹಿಡಿದ ಮಕ್ಕಳೂ ಎದ್ದು ನಡೆಯಬಲ್ಲರು. ಒಬ್ಬರಲ್ಲಿ ಕಂಡ ಮೇಲೆ ಒಡಹುಟ್ಟಿದವರನ್ನೆಲ್ಲ ಪರೀಕ್ಷಿಸಲೇಬೇಕು.

ಮೈ ತಾನಾಗಿ ಅಲುಗಾಡುವ ಹಂಟಿಂಗ್ಟನ್ ಕಾಯಿಲೆಯ ಜೀನು 1993ರಲ್ಲಿ ಸಿಕ್ಕಿತು. ಜೀನಿನೊಳಗಿನ ಸಿಎಜಿ ಎಂಬ ತ್ರಿವಳಿ 40 ಅಥವಾ ಹೆಚ್ಚು ಬಾರಿ ಮರುಕಳಿಸಿದರೆ ಕಾಯಿಲೆ ತಪ್ಪುವುದಿಲ್ಲ. ಇದೇ ಬಗೆಯ ದೋಷದಿಂದ ನಡಿಗೆ ತೂರಾಡುವ ಸ್ಪೈನೊಸೆರೆಬೆಲ್ಲರ್ ಅಟಾಕ್ಸಿಯಗಳೂ ಬರುತ್ತವೆ. ಅವುಗಳ ಒಂದನೆಯ ಬಗೆ ದಕ್ಷಿಣ ಭಾರತದಲ್ಲಿ ಗಮನಾರ್ಹ. ಇವೆರಡನ್ನೂ ನಿಮ್ಹಾನ್ಸ್‌ನಲ್ಲಿ ಸಂಜೀವ್ ಜೈನ್, ಮೀರಾ ಪುರುಷೋತ್ತಮ್ ಮುಂತಾದವರು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. 1970ರಲ್ಲಿ ಮೊದಲು ವರ್ಣಿತವಾದ ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ ಚಿಕ್ಕ ಪ್ರಾಯದವರ ಕೈಕಾಲು ಸೊರಗಿಸಿ ಕಿವಿ ಕೆಡಿಸುತ್ತದೆ. ಕರ್ನಾಟಕದವರೂ ಅದರ ರೋಗಿಗಳಲ್ಲಿ ಸೇರಿದ್ದಾರೆ.

ಕಾಫಿ, ಕಳೆನಾಶಕ, ನಸುಗುನ್ನಿ

ಕಾಫಿ ಬೆಳೆವ ಈ ಬೆಟ್ಟಗಳಿಗೆ ತೀರ ಹತ್ತಿರವಾದ ಸಂಶೋಧನೆ ಹವಾಯಿಯದ್ದು. ಹೊನೊಲುಲುವಿನ 8,004 ಜಪಾನಿ ಮೂಲದ ಪುರುಷರನ್ನು ಮೂವತ್ತು ವರ್ಷ ಹಿಂಬಾಲಿಸಿ 2000ದಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಕಾಫಿ ಕುಡಿಯದವರಲ್ಲಿ ಪಾರ್ಕಿನ್ಸನ್ ಅತಿ ಹೆಚ್ಚು ಕುಡಿಯುವವರಿಗಿಂತ ಐದು ಪಟ್ಟಿನಷ್ಟು ಹೆಚ್ಚಾಗಿತ್ತು. 2011ರಲ್ಲಿ ಈ ರಕ್ಷಣೆ ಎಲ್ಲರಿಗೂ ಒಂದೇ ತೆರನಲ್ಲ, ಜಿಆರ್‌ಐಎನ್2ಎ ಎಂಬ ಜೀನಿನ ಯಾವ ರೂಪ ಇದೆ ಎಂಬುದರ ಮೇಲೆ ನಿಂತಿದೆ ಎಂದು ತಾಯೆ ಹಮ್ಜಾ ತಂಡ ವರದಿ ಮಾಡಿತು. ಕಾಯಿಲೆ ಬಂದಮೇಲೆ ಕೆಫೀನ್ ಕೊಟ್ಟ ಪ್ರಯೋಗ 2017ರಲ್ಲಿ ಫಲ ಕೊಡಲಿಲ್ಲ. ಹೀಗಾಗಿ ಕಾಫಿಯನ್ನು ಔಷಧವೆಂದು ಕರೆಯುವಂತಿಲ್ಲ.

ವಿಷದ ಕಡೆಯ ಸಾಕ್ಷ್ಯ ಹೆಚ್ಚು ಗಟ್ಟಿ. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಳ್ಳ ಮಾದಕದಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ವಸ್ತುವಿನಿಂದ ಯುವಕರು ಕೆಲವೇ ದಿನಗಳಲ್ಲಿ ಪಾರ್ಕಿನ್ಸನ್ ರೋಗಿಗಳಾದರು. ಕಳೆನಾಶಕ ಪ್ಯಾರಾಕ್ವಾಟ್ ರಚನೆಯಲ್ಲಿ ಅದರ ವಿಷರೂಪವನ್ನು ಹೋಲುತ್ತದೆ. ಪ್ಯಾರಾಕ್ವಾಟ್ ಅಥವಾ ಕೀಟನಾಶಕ ರೋಟಿನೋನ್ ಬಳಸಿದ ರೈತರಲ್ಲಿ ಕಾಯಿಲೆ ಎರಡೂವರೆ ಪಟ್ಟು ಹೆಚ್ಚೆಂದು 2011ರ ಅಮೆರಿಕನ್ ಅಧ್ಯಯನ ಕಂಡಿತು. ಪ್ಯಾರಾಕ್ವಾಟ್ ಮತ್ತು ಶಿಲೀಂಧ್ರನಾಶಕ ಮನೆಬ್ ಎರಡನ್ನೂ ಸಿಂಪಡಿಸಿದ ಹೊಲದಿಂದ 500 ಮೀಟರ್ ಒಳಗೆ ವಾಸಿಸಿದವರಲ್ಲಿ ಅಪಾಯ ಶೇ. 75ರಷ್ಟು ಹೆಚ್ಚಿತ್ತು ಎಂದು 2009ರ ಕ್ಯಾಲಿಫೋರ್ನಿಯ ವರದಿ ಹೇಳುತ್ತದೆ. ಹಾಸನದ ಆಲೂಗಡ್ಡೆ ಬೆಳೆಗಾರರು ಅಂಗಮಾರಿಗೆ ಹೊಡೆಯುವ ಮ್ಯಾಂಕೋಜೆಬ್ ಮನೆಬ್‌ನ ಕುಲದ್ದೇ. ಯುರೋಪ್ ಒಕ್ಕೂಟದಲ್ಲಿ 2007ರಿಂದ ಪ್ಯಾರಾಕ್ವಾಟ್‌ಗೆ ಅನುಮತಿ ಇಲ್ಲ. ತೋಟದಲ್ಲಿ, ಶುಂಠಿ ಗದ್ದೆಯಲ್ಲಿ ಬರಿಗೈಯಲ್ಲಿ ಔಷಧಿ ಕಲಸಿ ಬೆನ್ನಿಗೆ ಪಂಪು ಹಾಕಿಕೊಂಡು ಹೊಡೆಯುವವರು ಕೂಲಿಯವರು. ಜೀನಿನ ದುರ್ಬಲತೆ ಯಾರಲ್ಲಿದೆಯೆಂದು ಮೊದಲೇ ತಿಳಿಯದಿರುವಾಗ ಕೈಗವಸು, ಮುಖಗವಸು ಕೊಡಿಸುವುದು ಮಾಲೀಕರ ಹೊಣೆ.

ಬೇಲಿಯ ಮೇಲೆ ಹಬ್ಬಿ ಮೈ ತುರಿಸುವ ನಸುಗುನ್ನಿ ಕಾಯಿಯ ಬೀಜದಲ್ಲಿ ಎಲ್-ಡೋಪ ಇದೆ. ಮದ್ರಾಸಿನ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ 1937ರಲ್ಲೇ ಅದನ್ನು ಬೇರ್ಪಡಿಸಿದ್ದರು. ಅದು ಪಾರ್ಕಿನ್ಸನ್ ಮದ್ದೆಂದು ಜಗತ್ತಿಗೆ ತಿಳಿಯಲು 1960ರ ದಶಕ ಬರಬೇಕಾಯಿತು. 2004ರಲ್ಲಿ ಲಂಡನ್ನಿನ ಪುಟ್ಟ ಪ್ರಯೋಗವೊಂದರಲ್ಲಿ ನಸುಗುನ್ನಿ ಪುಡಿ ಎಲ್-ಡೋಪ ಮಾತ್ರೆಗಿಂತ ಬೇಗ ಕೆಲಸ ಮಾಡಿತು. ಆದರೂ ಮನೆಯಲ್ಲಿ ಬೀಜ ಕುಟ್ಟಿ ತಿನ್ನುವುದು ಅಪಾಯ. ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುತ್ತದೆ, ಈಗಾಗಲೇ ಮಾತ್ರೆ ನುಂಗುವವರಿಗೆ ಅದು ಹೆಚ್ಚುವರಿ ಡೋಸೇ ಆಗುತ್ತದೆ. ಪಾರ್ಕಿನ್ ಜೀನು ಕೆಟ್ಟವರು ಸಣ್ಣ ಪ್ರಮಾಣದ ಎಲ್-ಡೋಪಕ್ಕೇ ಚೆನ್ನಾಗಿ ಸ್ಪಂದಿಸುತ್ತಾರೆ, ಆದರೆ ಮೈ ತಾನೇ ತಿರುಚುವ ಅಡ್ಡಪರಿಣಾಮ ಅವರಿಗೆ ಬೇಗ ಬರುತ್ತದೆ.

ಪರೀಕ್ಷೆ ಮತ್ತು ಚಿಕಿತ್ಸೆ

ಅರವತ್ತು ದಾಟಿ ಕಾಯಿಲೆ ಬಂದವರಿಗೆ, ಮನೆತನದಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೆ, ಜೀನ್ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುವುದು ಅಪರೂಪ. ಐವತ್ತರೊಳಗೆ ಶುರುವಾದಾಗ, ತಂದೆತಾಯಿ ಸಂಬಂಧಿಗಳಾದಾಗ, ಮನೆಯಲ್ಲಿ ಇಬ್ಬರು ಮೂವರಿಗೆ ಇದ್ದಾಗ ಅದು ಉಪಯುಕ್ತ. ಪಾರ್ಕಿನ್ ಜೀನಿನಲ್ಲಿ ಇಡೀ ತುಣುಕುಗಳೇ ಬಿಟ್ಟುಹೋಗಿರುವುದು ಸಾಮಾನ್ಯವಾದ್ದರಿಂದ ಅಕ್ಷರ ಓದುವ ಪರೀಕ್ಷೆಯ ಜೊತೆಗೆ ತುಣುಕು ಎಣಿಸುವ ಎಂಎಲ್‌ಪಿಎ ಪರೀಕ್ಷೆಯೂ ಬೇಕು. ಅಪ್ರಬಲ ಜೀನಿನ ರೋಗಿಯ ಮಕ್ಕಳಿಗೆ, ಅವರು ಸಂಬಂಧದೊಳಗೆ ಮದುವೆಯಾಗದಿದ್ದರೆ, ಕಾಯಿಲೆಯ ಸಂಭವ ಬಹಳ ಕಡಿಮೆ. ಈ ಒಂದು ಮಾತು ಎಷ್ಟೋ ಮನೆಗಳ ಭಯ ಇಳಿಸುತ್ತದೆ. ಪರೀಕ್ಷೆಗೆ ಮುಂಚೆಯೂ ನಂತರವೂ ಆಪ್ತಸಮಾಲೋಚನೆ ಇರಬೇಕಾದ್ದು ಇದಕ್ಕೇ.

ಕರ್ನಾಟಕ ಆರೋಗ್ಯ ಇಲಾಖೆ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಜಯನಗರ, ಕೋಲಾರ, ಚಿಕ್ಕಬಳ್ಳಾಪುರದ ಆಸ್ಪತ್ರೆಗಳಿಂದ ಶುರುವಾಗಿ, ತಾಲ್ಲೂಕು ಮಟ್ಟದ ವೈದ್ಯರಿಗೂ ಇಂಥ ಕಾಯಿಲೆ ಗುರುತಿಸುವ ತರಬೇತಿ ಕೊಡುವ ಉದ್ದೇಶ ಇಟ್ಟುಕೊಂಡಿದೆ. ಜೀನಿಗೆ ತಕ್ಕ ಚಿಕಿತ್ಸೆಯ ಪ್ರಯೋಗಗಳು ಹೊರದೇಶಗಳಲ್ಲಿ ನಡೆದಿವೆ. ಎಲ್‌ಆರ್‌ಆರ್‌ಕೆ2 ಪ್ರೋಟೀನಿನ ಅತಿಚಟುವಟಿಕೆ ತಗ್ಗಿಸುವ ಮಾತ್ರೆಗಳು ಒಂದು ಬಗೆ. ಆ ಜೀನಿನ ಪ್ರಮುಖ ರೂಪಾಂತರ ನಮ್ಮವರಲ್ಲಿ ಅಪರೂಪವಾದ್ದರಿಂದ ಅವುಗಳ ಪ್ರಯೋಜನ ಇಲ್ಲಿಗೆ ಎಷ್ಟು ಬರಬಹುದೆಂಬುದು ಬೇರೆಯೇ ಪರೀಕ್ಷೆ ಬೇಡುತ್ತದೆ. ಇನ್ನೊಂದು, ಕಫ ಕರಗಿಸುವ ಸಿರಪ್ಪುಗಳಲ್ಲಿ ಇರುವ ಆಂಬ್ರಾಕ್ಸಾಲ್. ಜಿಬಿಎ1 ಜೀನು ತಯಾರಿಸುವ ಕಿಣ್ವದ ಕೆಲಸವನ್ನು ಅದು ಹೆಚ್ಚಿಸುತ್ತದೆ. 2020ರಲ್ಲಿ ಪ್ರಕಟವಾದ ಲಂಡನ್ನಿನ ಸಣ್ಣ ಪ್ರಯೋಗದಲ್ಲಿ ಹೆಚ್ಚಿನ ಪ್ರಮಾಣದ ಆಂಬ್ರಾಕ್ಸಾಲ್ ಮಿದುಳುಬಳ್ಳಿಯ ದ್ರವದವರೆಗೂ ತಲುಪಿ ರೋಗಿಗಳಿಗೆ ಸಹ್ಯವೂ ಆಯಿತು. ಅದರಿಂದ ಕಾಯಿಲೆಯ ಗತಿ ನಿಧಾನವಾಗುತ್ತದೆಯೇ ಎಂಬುದನ್ನು ದೊಡ್ಡ ಪ್ರಯೋಗದಲ್ಲಿ ನೋಡಲಾಗುತ್ತಿದೆ.